ಹೊಳೆ ಬರುವ ಮುನ್ನ ಮನೆಯೊಳಗೆ ಏನಿರಬೇಕು: ರಾಯಚೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ, ರಾಯಚೂರು ಇವರಿಗೆ

ಮಾನ್ಯರೇ,

ಮುಂಗಾರು ಕಾಲಿಡುವ ಮುನ್ನ ಪ್ರತಿ ವರ್ಷ ಜಿಲ್ಲೆಯಲ್ಲಿ ಪೂರ್ವಸಿದ್ಧತಾ ಸಭೆ ನಡೆಯುತ್ತದೆ. ಬೋಟುಗಳು ಎಷ್ಟಿವೆ, ಕಾಳಜಿ ಕೇಂದ್ರಕ್ಕೆ ಯಾವ ಶಾಲೆ, ಯಾವ ಹೋಬಳಿಗೆ ಯಾರು ನೋಡಲ್ ಅಧಿಕಾರಿ, ಜೆಸಿಬಿ ಎಲ್ಲಿಂದ ಬರಬೇಕು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಅದು ಆಗಲೇಬೇಕಾದ ಕೆಲಸ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೊಳೆ ಬಂದ ರಾತ್ರಿ, ಕರೆಂಟು ಹೋದ ದಿನ, ನಲ್ಲಿಯ ನೀರು ಕೆಟ್ಟ ವಾರ, ಕೂಲಿ ಮಾಡಿ ಉಣ್ಣುವ ಒಂದು ಮನೆಯೊಳಗೆ ಏನಿರಬೇಕು, ಅದನ್ನು ಆ ಮನೆ ಯಾವ ದುಡ್ಡಿನಿಂದ ಯಾವಾಗ ಕೂಡಿಸಿಡಬೇಕು ಎಂಬುದನ್ನು ನಮ್ಮ ಊರುಗಳಿಗೆ ಬಂದು ಯಾರೂ ಮಾತನಾಡಿಲ್ಲ. ಈ ಪತ್ರ ಅದರ ಕುರಿತದ್ದು.

ನಾನು ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗೆ ಹತ್ತಿರದ ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಬೋಟು, ಟ್ಯಾಂಕರು, ಆಂಬುಲೆನ್ಸು ಎಷ್ಟೇ ಸಿದ್ಧವಾಗಿದ್ದರೂ ರಸ್ತೆ ಕಡಿದ ಊರಿಗೆ ಅವು ಮುಟ್ಟಲು ಹೊತ್ತು ಹಿಡಿಯುತ್ತದೆ. ಆ ಎರಡು ಮೂರು ದಿನ ಮನೆಯವರೇ ತಮ್ಮನ್ನು ತಾವು ಕಾಯ್ದುಕೊಳ್ಳಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾ ಯೋಜನೆ ಸಿದ್ಧಪಡಿಸುವ ಹೊಣೆಯ ಜೊತೆಗೆ ಜನರನ್ನು ತಿಳಿವಳಿಕೆಯಿಂದ, ತರಬೇತಿಯಿಂದ ಅಣಿಗೊಳಿಸುವ ಹೊಣೆಯನ್ನೂ ಜಿಲ್ಲಾ ಪ್ರಾಧಿಕಾರದ ಮೇಲೆಯೇ ಹೊರಿಸಿದೆ. ಮೊದಲನೆಯದು ಕಡತದಲ್ಲಿ ಇದೆ. ಎರಡನೆಯದು ಅಡುಗೆಮನೆಯವರೆಗೆ ಬರಬೇಕಾಗಿದೆ.

ಮೊದಲು ಹೊಳೆಯ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಅದೊಂದರಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ಹರಿಯಿತು. ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದಾಗ ಹರಿವು ಲಕ್ಷ ಕ್ಯೂಸೆಕ್ ಮುಟ್ಟಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ಗೇಟು, ಇಳಿಸಿ ವಾರದೊಳಗೆ ಅದನ್ನು ತಡೆದ ತಂತ್ರಜ್ಞರಿಗೂ ಕಾರ್ಮಿಕರಿಗೂ ಕೊಪ್ಪಳ, ಬಳ್ಳಾರಿ, ರಾಯಚೂರಿನ ರೈತರು ಋಣಿಗಳಾಗಿದ್ದೇವೆ. ಆದರೆ ದಂಡೆಯ ಮನೆಗಳಿಗೆ ಮುಟ್ಟಿದ ಸುದ್ದಿ ಇಷ್ಟೇ: ಇಷ್ಟು ಕ್ಯೂಸೆಕ್ ಬಿಡಲಾಗಿದೆ, ನದಿಪಾತ್ರದ ಜನ ಎಚ್ಚರದಿಂದಿರಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರು ಚಿಲ್ಲರೆ ನೀರು ಎಂದು ನಾನು ಮಕ್ಕಳಿಗೆ ಕಲಿಸಬಲ್ಲೆ. ಆದರೆ ಲಕ್ಷ ಕ್ಯೂಸೆಕ್ ಬಂದರೆ ಹೊಳೆಯ ಪಂಪ್‌ಸೆಟ್ಟು ಮಾತ್ರ ಮುಳುಗುತ್ತದೆಯೋ, ಗುಡಿಯ ಕಟ್ಟೆಗೆ ನೀರು ತಾಕುತ್ತದೆಯೋ, ಕೆಳಗೇರಿಯ ಮನೆಗಳ ಹೊಸ್ತಿಲು ದಾಟುತ್ತದೆಯೋ ಎಂದು ಕೇಳಿದ ಅಜ್ಜಿಗೆ ಉತ್ತರ ಹೇಳಲು ನನ್ನಿಂದಾಗಲಿ ಪಂಚಾಯಿತಿಯಿಂದಾಗಲಿ ಆಗಲಿಲ್ಲ.

ಆ ಉತ್ತರ ಎಲ್ಲೂ ಇಲ್ಲವೆಂದಲ್ಲ. ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಯ ಜನಕ್ಕೆ ಕೃಷ್ಣೆಯ ನಾರಾಯಣಪುರ ಜಲಾಶಯದಿಂದ ಎಷ್ಟು ನೀರು ಬಿಟ್ಟರೆ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ ಎಂಬುದು ಬಾಯಿಪಾಠವಾಗಿದೆ. 2019ರ ಆಗಸ್ಟ್‌ನಲ್ಲಿ ಅಲ್ಲಿಂದ ಆರು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಂದಾಗ ಆ ಊರುಗಳು ಹೊರಜಗತ್ತಿನಿಂದ ಕಡಿದುಹೋದವು, ದೇವದುರ್ಗದ ಕಡೆ ಹೂವಿನಹೆಡಗಿ ಸೇತುವೆಯೂ ಮುಳುಗಿತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಹಾಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಪ್ರತಿ ಊರಿನ ಹಿರಿಯರು ಇಂದಿಗೂ ಬೆರಳಿಟ್ಟು ತೋರಿಸುತ್ತಾರೆ. ಎಂಜಿನಿಯರುಗಳ ಬಳಿ ಹರಿವಿನ ದಾಖಲೆಗಳಿವೆ. ಇವೆರಡನ್ನೂ ಒಟ್ಟಿಗೆ ತಂದು, ನದಿದಂಡೆಯ ಪ್ರತಿ ಊರಿನಲ್ಲಿ ಶಾಲೆಯ ಗೋಡೆಯ ಮೇಲೋ ಗುಡಿಯ ಕಂಬದ ಮೇಲೋ ಮೂರು ಗೆರೆ ಬಳಿಸಿರಿ: ಒಂದು ಲಕ್ಷಕ್ಕೆ ನೀರು ಇಲ್ಲಿಗೆ, ಎರಡು ಲಕ್ಷಕ್ಕೆ ಇಲ್ಲಿಗೆ, 2009ರಲ್ಲಿ ಇಲ್ಲಿಗೆ. ಅಣೆಕಟ್ಟೆಯಲ್ಲಿ ಬಿಟ್ಟ ನೀರು ಆ ಊರಿಗೆ ಸುಮಾರು ಎಷ್ಟು ತಾಸಿಗೆ ಮುಟ್ಟುತ್ತದೆ ಎಂಬುದನ್ನೂ ಅದರ ಪಕ್ಕದಲ್ಲಿ ಬರೆಸಿರಿ. ಡಂಗುರ ಸಾರುವವನೂ ಮಸೀದಿ, ಗುಡಿಗಳ ಮೈಕಿನಲ್ಲಿ ಹೇಳುವವರೂ ಅಂಕಿಯ ಜೊತೆಗೆ ಗೆರೆಯ ಹೆಸರು ಹೇಳಿದರೆ, ದನ ಬಿಚ್ಚಬೇಕೇ, ಕಾಳು ಮೇಲಕ್ಕೆ ಏರಿಸಬೇಕೇ, ಮನೆ ಬಿಡಬೇಕೇ ಎಂದು ಮನೆಯವರೇ ನಿರ್ಧರಿಸುತ್ತಾರೆ. ಇದಕ್ಕೆ ಬೇಕಾದದ್ದು ಕೆಲವು ಡಬ್ಬಿ ಬಣ್ಣ ಮತ್ತು ಒಂದು ದಿನದ ನಡಿಗೆ.

ಹೊಳೆಯಷ್ಟೇ ದೊಡ್ಡ ಆಪತ್ತು ಕುಡಿಯುವ ನೀರಿನದು. ಪ್ರವಾಹ ಬರಬೇಕೆಂದೇನೂ ಇಲ್ಲ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿಯೇ ಕಲುಷಿತ ನೀರು ಕುಡಿದ ಜನ ವಾಂತಿ ಭೇದಿಯಿಂದ ಆಸ್ಪತ್ರೆ ತುಂಬಿದರು, ಹಲವರು ಜೀವ ಬಿಟ್ಟರು. ಮರುವರ್ಷ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ, ಪಕ್ಕದ ಕೊಪ್ಪಳ ಜಿಲ್ಲೆಯ ಬಸರಿಹಾಳ, ಬಿಜಕಲ್‌ಗಳಲ್ಲಿ ಅದೇ ದುಃಖ. ಕಾರಣ ಗುಟ್ಟಿನದಲ್ಲ. ನಮ್ಮಲ್ಲಿ ನಲ್ಲಿ ನೀರು ದಿನವಿಡೀ ಬರುವುದಿಲ್ಲ. ಹರಿವು ನಿಂತಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಒಡಕು ಇದ್ದಲ್ಲಿ ಪಕ್ಕದ ಚರಂಡಿಯ ನೀರನ್ನು ಪೈಪು ಒಳಗೆ ಎಳೆದುಕೊಳ್ಳುತ್ತದೆ, ಮತ್ತೆ ನೀರು ಬಿಟ್ಟಾಗ ಮೊದಲು ಬರುವ ಕೊಡದಲ್ಲಿ ಅದೇ ಇರುತ್ತದೆ. ಆದ್ದರಿಂದ ಮೊದಲು ಬಂದ ನೀರನ್ನು ಬಳಕೆಗೆ ಹಿಡಿದು, ತಿಳಿಯಾದ ಮೇಲೆ ಕುಡಿಯಲು ಹಿಡಿಯಿರಿ ಎಂದು ನಾನು ಪಾಲಕರ ಸಭೆಯಲ್ಲಿ ಹೇಳುತ್ತಿರುತ್ತೇನೆ. ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಲ್ಲ ಎಂಬುದನ್ನೂ ಅದರ ಜೊತೆಗೇ ಹೇಳಬೇಕು.

ಐದು ಜನರ ಒಂದು ಮನೆಗೆ ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಹಿಡಿದರೂ ಮೂರು ದಿನಕ್ಕೆ 60 ಲೀಟರು ಬೇಕು. ಶುದ್ಧ ನೀರಿನ ಘಟಕಕ್ಕೆ ಒಯ್ಯುವ 20 ಲೀಟರಿನ ಕ್ಯಾನು ಮೂರು ಇದ್ದರೆ ಲೆಕ್ಕ ಸರಿಹೋಯಿತು. ಕರೆಂಟು ಹೋದರೆ ಬೋರಿನ ಮೋಟರೂ ನಿಲ್ಲುತ್ತದೆ, ಶುದ್ಧ ನೀರಿನ ಘಟಕವೂ ನಿಲ್ಲುತ್ತದೆ. ಹಾಗಾಗಿ ಮೋಡ ಕಟ್ಟಿದ ದಿನವೇ ಕ್ಯಾನು ತುಂಬಿಡುವುದನ್ನು ಮನೆಯ ರೂಢಿ ಮಾಡಿಕೊಳ್ಳಬೇಕು. ಕ್ಯಾನಿನ ಬಾಯಿ ಮುಚ್ಚಿರಬೇಕು, ನೀರನ್ನು ಬಗ್ಗಿಸಿಕೊಳ್ಳಬೇಕು, ಇಲ್ಲವೇ ಉದ್ದ ಹಿಡಿಯ ಲೋಟದಿಂದ ತೆಗೆಯಬೇಕು. ಚರಿಗೆಯನ್ನು ಕೈಸಮೇತ ಅದ್ದಿದರೆ ಉಳಿದದ್ದೆಲ್ಲ ವ್ಯರ್ಥ.

ಅನುಮಾನದ ನೀರನ್ನು ಕುದಿಸಿ ಎಂದು ಪ್ರಕಟಣೆಗಳು ಹೇಳುತ್ತವೆ. ನೀರು ಕೊತಕೊತ ಕುದಿ ಬಂದು ಒಂದು ನಿಮಿಷವಾದರೆ ಸಾಕು, ಹಾಗೆಂದು ಯಾರೂ ಬಿಡಿಸಿ ಹೇಳದ ಕಾರಣ ಬಡವರು ಅರ್ಧ ತಾಸು ಕುದಿಸಬೇಕೆಂದು ತಿಳಿದು, ಗ್ಯಾಸು ಖರ್ಚಾದೀತೆಂದು ಕುದಿಸುವುದನ್ನೇ ಬಿಟ್ಟುಬಿಡುತ್ತಾರೆ. ಕುದಿಸಲಾಗದ ಮನೆಗೆ ಕ್ಲೋರಿನ್ ಮಾತ್ರೆ ಇದೆ: ರಾಡಿ ನೀರನ್ನು ನಾಲ್ಕು ಪದರದ ಹಳೆಯ ಬಿಳಿ ಬಟ್ಟೆಯಲ್ಲಿ ಸೋಸಿ, ಪೊಟ್ಟಣದ ಮೇಲೆ ಬರೆದ ಅಳತೆಗೆ ಮಾತ್ರೆ ಹಾಕಿ, ಅರ್ಧ ತಾಸು ಮುಚ್ಚಿಟ್ಟು ಕುಡಿಯಬೇಕು. ಮೂರನೆಯ ದಾರಿಗೆ ಖರ್ಚೇ ಇಲ್ಲ. ಬಣ್ಣವಿಲ್ಲದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗೆ ತಿಳಿನೀರು ತುಂಬಿ ಮಾಳಿಗೆಯ ಮೇಲೆ ನೇರ ಬಿಸಿಲಿಗೆ ಆರು ತಾಸು ಮಲಗಿಸಿಟ್ಟರೆ ರೋಗಾಣುಗಳು ಸಾಯುತ್ತವೆ. ಮೋಡ ಮುಸುಕಿದ್ದರೆ ಎರಡು ದಿನ ಇಡಬೇಕು. ಇಷ್ಟು ಬಿಸಿಲಿರುವ ಜಿಲ್ಲೆಯಲ್ಲಿ ಈ ವಿಧಾನ ಮನೆಮಾತಾಗಿರಬೇಕಿತ್ತು. ಒಂದು ಎಚ್ಚರಿಕೆ: ಈ ಮೂರರಲ್ಲಿ ಯಾವುದೂ ಫ್ಲೋರೈಡನ್ನು ತೆಗೆಯುವುದಿಲ್ಲ. ಫ್ಲೋರೈಡ್ ಇರುವ ಬೋರಿನ ಊರುಗಳಿಗೆ ನೀರು ಬೇರೆಡೆಯಿಂದಲೇ ಬರಬೇಕು, ಅದು ಮನೆಯವರ ಕೈಯಲ್ಲಿಲ್ಲ.

ವಾಂತಿ ಭೇದಿ ಶುರುವಾದ ಮನೆಯಲ್ಲಿ ಜೀವ ಉಳಿಸುವುದು ಓಆರ್‌ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಕಿ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಆದ್ದರಿಂದ ಅಳತೆಯನ್ನು ಅಂದಾಜಿಗೆ ಬಿಡಬಾರದು. ಆಶಾ ಕಾರ್ಯಕರ್ತೆಯರು ಕ್ಲೋರಿನ್ ಮಾತ್ರೆಯನ್ನೂ ಓಆರ್‌ಎಸ್ ಪೊಟ್ಟಣವನ್ನೂ ಮನೆಮನೆಗೆ ಹಂಚುತ್ತಾರೆ ನಿಜ, ಆದರೆ ಬಹುಪಾಲು ಊರಿನಲ್ಲಿ ಬೇನೆ ಎದ್ದ ಮೇಲೆ. ಜೂನ್‌ಗಿಂತ ಮೊದಲೇ ಪ್ರತಿ ಮನೆಯಲ್ಲಿ ಒಂದು ಪಟ್ಟಿ ಮಾತ್ರೆ, ನಾಲ್ಕು ಪೊಟ್ಟಣ ಇರುವಂತೆ ಮಾಡಿಸಿರಿ ಎಂಬುದು ನನ್ನ ಎರಡನೆಯ ಮನವಿ.

ಊಟದ ವಿಷಯದಲ್ಲಿ ನಮಗೆ ಯಾರೂ ಹೊಸದಾಗಿ ಕಲಿಸಬೇಕಾದ್ದಿಲ್ಲ. ಜೋಳದ ಸುಗ್ಗಿ ಮುಗಿದ ಮೇಲೆ ನೆಲದೊಳಗಿನ ಹಗೇವಿನಲ್ಲಿ ವರ್ಷದ ಕಾಳು ಕಾಪಿಟ್ಟ ಸೀಮೆ ಇದು. ಈಗ ಹಗೇವುಗಳು ಮುಚ್ಚಿಹೋಗಿವೆ. ಮನೆಯಲ್ಲಿ ಇರುವುದು ಪಡಿತರ ಅಕ್ಕಿ, ಅದನ್ನು ಬೇಯಿಸಲು ಒಲೆ ಬೇಕು, ನೀರು ಬೇಕು. ಒಲೆ ಹೊತ್ತಿಸಲಾಗದ ದಿನಕ್ಕೆ ಕಡಕ್ ರೊಟ್ಟಿಯಂಥ ಆಸರೆ ಮತ್ತೊಂದಿಲ್ಲ. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ಒರಗಿಸಿ ತೇವವೆಲ್ಲ ಆರುವವರೆಗೆ ಬಿಟ್ಟ ಜೋಳದ ರೊಟ್ಟಿಯನ್ನು ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿ, ಅಗಸಿ ಪುಡಿ, ಗುರೆಳ್ಳು ಪುಡಿ, ಒಂದಿಷ್ಟು ಪುಟಾಣಿ, ಅವಲಕ್ಕಿ, ಬೆಲ್ಲ. ಶೇಂಗಾ, ಅಗಸಿ, ಗುರೆಳ್ಳುಗಳಲ್ಲಿ ಎಣ್ಣೆಯ ಕಸುವೂ ಪ್ರೋಟೀನೂ ಇವೆ, ಬರಿ ಬಿಸ್ಕತ್ತಿನಲ್ಲಿ ಅವು ಸಿಗುವುದಿಲ್ಲ. ಕಾಳಜಿ ಕೇಂದ್ರಗಳಿಗೆ ಆಹಾರದ ಟೆಂಡರು ಕರೆಯುವ ಮುನ್ನ ಊರಿನ ಸ್ವಸಹಾಯ ಸಂಘಗಳಿಗೆ ಮೇ ತಿಂಗಳಲ್ಲೇ ರೊಟ್ಟಿ, ಚಟ್ನಿಯ ಬೇಡಿಕೆ ಕೊಡುವ ಬಗ್ಗೆ ತಾವು ಯೋಚಿಸಬೇಕು. ಬೇಸಿಗೆಯಲ್ಲಿ ಕೂಲಿ ಇಲ್ಲದ ಹೆಣ್ಣುಮಕ್ಕಳಿಗೆ ಅದು ದುಡಿಮೆಯೂ ಆದೀತು.

ಮಣ್ಣಿನ ಮಾಳಿಗೆಯ ಮನೆಗಳ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಭಾಗದಲ್ಲಿ ಜಡಿಮಳೆಯ ಕಾಲದ ಸಾವುಗಳು ಹೊಳೆಯಿಂದ ಮಾತ್ರವಲ್ಲ, ರಾತ್ರಿ ಮಲಗಿದವರ ಮೇಲೆ ಗೋಡೆ ಬಿದ್ದೂ ಆಗುತ್ತವೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕಿ ತುಳಿಸಿ, ನೀರು ಹೋಗುವ ದೋಣಿಯನ್ನು ಬಿಡಿಸುವುದು ಹಿಂದೆ ಪ್ರತಿ ಮನೆಯ ಕೆಲಸವಾಗಿತ್ತು. ಈಗ ಗಂಡಾಳುಗಳು ಗುಳೆ ಹೋಗಿರುವುದರಿಂದ ಆ ಕೆಲಸ ನಿಂತಿದೆ. ಎರಡು ದಿನ ಬಿಡದೆ ಮಳೆ ಹಿಡಿದರೆ ಗೋಡೆಯ ಬುಡ ನೆನೆದು ಉಬ್ಬುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗುತ್ತದೆ, ತೊಲೆಯ ಕೆಳಗೆ ಮಣ್ಣು ಉದುರುತ್ತದೆ. ಈ ಮೂರರಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬಾರದು. ಹೋಗಿ ಮಲಗಲು ಒಂದು ಗಟ್ಟಿ ಸೂರು, ಅದು ಶಾಲೆಯಾಗಲಿ ಸಮುದಾಯ ಭವನವಾಗಲಿ, ಕೀಲಿ ಯಾರ ಬಳಿ ಇದೆ ಎಂಬುದರ ಸಮೇತ ಊರಿಗೆ ಮೊದಲೇ ಗೊತ್ತಿರಬೇಕು.

ಕಾಗದಪತ್ರಗಳ ಮಾತು ಸಣ್ಣದೆನಿಸಬಹುದು. ಮನೆ ಬಿದ್ದವರಿಗೆ ಪರಿಹಾರ ಬರುವುದು ಕಾಗದದ ಮೇಲೆಯೇ. ಆಧಾರ್, ಪಡಿತರ ಚೀಟಿ, ಪಹಣಿ, ಪಾಸ್‌ಬುಕ್ಕು, ಬಾಣಂತಿಯರ ತಾಯಿ ಕಾರ್ಡು, ಮಕ್ಕಳ ಅಂಕಪಟ್ಟಿ, ಇವೆಲ್ಲ ನಮ್ಮ ಮನೆಗಳಲ್ಲಿ ಕಬ್ಬಿಣದ ಟ್ರಂಕಿನ ತಳದಲ್ಲಿ ಸೀರೆಗಳ ಅಡಿ ಇರುತ್ತವೆ, ಅವಸರದಲ್ಲಿ ಕೈಗೆ ಸಿಗುವುದಿಲ್ಲ. ಎರಡು ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಸುತ್ತಿ, ಬಾಯಿ ಕಟ್ಟಿ, ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿದರೆ ಹೊರಡುವಾಗ ಹೆಗಲಿಗೆ ಏರಿಸಿಕೊಳ್ಳಬಹುದು. ಇವುಗಳ ನಕಲನ್ನು ಡಿಜಿಲಾಕರಿನಲ್ಲಿ ಇಡಿಸುವ ಕೆಲಸವನ್ನು ಗ್ರಾಮ ಒನ್ ಕೇಂದ್ರಗಳು ಮುಂಗಾರಿಗೆ ಮೊದಲು ಒಂದು ವಾರ ಪುಕ್ಕಟೆಯಾಗಿ ಮಾಡಿಕೊಡಲಿ.

ಬೆಳಕಿನ ವಿಚಾರ ಬಂದಾಗ ನನ್ನ ಮನಸ್ಸು ನೋಯುತ್ತದೆ. ಶಕ್ತಿನಗರದಲ್ಲಿ 1,720 ಮೆಗಾವಾಟ್, ಯರಮರಸ್‌ನಲ್ಲಿ 1,600, ಪಕ್ಕದ ಬಳ್ಳಾರಿಯ ಕುಡತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ಸ್ಥಾವರಗಳಿದ್ದೂ ಗಾಳಿಮಳೆ ಬಂದ ರಾತ್ರಿ ನಮ್ಮ ಊರುಗಳು ಕತ್ತಲಲ್ಲಿ ಉಳಿಯುತ್ತವೆ. ಕಂಬ ಬಿದ್ದರೆ 1912ಕ್ಕೆ ಕರೆ ಮಾಡಬೇಕು, ಹರಿದ ತಂತಿಯ ಹತ್ತಿರ ಯಾರೂ ಸುಳಿಯಬಾರದು. ಮನೆಯಲ್ಲಿ ಒಂದು ಸೆಲ್ ಬ್ಯಾಟರಿ, ಬೇರೆ ಜೊತೆ ಸೆಲ್ಲು, ಕೊಳ್ಳಲಾದರೆ ಒಂದು ಸಣ್ಣ ಸೋಲಾರ್ ದೀಪ ಇರಬೇಕು. ಮೇಣದಬತ್ತಿ ಅಗ್ಗವೆನಿಸಿದರೂ ಹತ್ತಿ ತುಂಬಿಟ್ಟ ಮನೆಯಲ್ಲಿ ಅದು ಬೇಡ. ಫೋನು ಒಂದಾದರೂ ಬಟನ್ನಿನದಿರಲಿ, ಅದರ ಚಾರ್ಜು ದಿನಗಟ್ಟಲೆ ಬರುತ್ತದೆ. ತುರ್ತು ಸಹಾಯದ 112, ಆಂಬುಲೆನ್ಸಿನ 108, ಜಿಲ್ಲಾ ಕಂಟ್ರೋಲ್ ರೂಮಿನ 1077, ಗ್ಯಾಸು ಸೋರಿದರೆ 1906, ಇವನ್ನು ಬಾಗಿಲ ಹಿಂದೆ ದೊಡ್ಡದಾಗಿ ಬರೆದಿಟ್ಟರೆ ಓದಲು ಬಾರದ ಅಜ್ಜಿಗೂ ಮೊಮ್ಮಗ ಓದಿ ಹೇಳುತ್ತಾನೆ.

ಮಳೆ, ಹೊಳೆ ಎದ್ದಾಗ ಹಾವುಗಳೂ ಒಣ ಜಾಗ ಹುಡುಕಿ ಮನೆಗೆ, ಬಣವೆಗೆ ಬರುತ್ತವೆ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಿಗಿದು ಕಟ್ಟಬಾರದು, ನಾಟಿ ಔಷಧಿ ಎಂದು ಹೊತ್ತು ಕಳೆಯಬಾರದು. ಕೈಕಾಲು ಅಲುಗದಂತೆ ಮಲಗಿಸಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಿಸಬೇಕು. 2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದ್ದು ಒಳ್ಳೆಯ ಹೆಜ್ಜೆ. ಆದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚುಚ್ಚುಮದ್ದು ಇದೆಯೇ ಎಂಬುದು ಅಲ್ಲಿಗೆ ಹೋಗಿ ಬಾಗಿಲು ಬಡಿದ ಮೇಲೆ ಗೊತ್ತಾಗುವಂತಿರಬಾರದು. ಪ್ರತಿ ಆರೋಗ್ಯ ಕೇಂದ್ರದ ಹೊರಗೋಡೆಯ ಮೇಲೆ ಇದೆ, ಇಲ್ಲ ಎಂಬ ಹಲಗೆ, ಇಲ್ಲದಿದ್ದರೆ ಮುಂದಿನ ಆಸ್ಪತ್ರೆ ಯಾವುದು ಎಂಬ ಒಂದು ಸಾಲು ಇರಲಿ. ಬಿಪಿ, ಶುಗರಿನವರ ಮಾತ್ರೆಗಳನ್ನು ಮಳೆಗಾಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೆ ಹೆಚ್ಚಾಗುವಷ್ಟು ಕೊಡುವಂತೆ ಆರೋಗ್ಯ ಇಲಾಖೆಗೆ ಸೂಚಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ, ದೊಡ್ಡ ಗಡಿಗೆಯೊಳಗೆ ಒದ್ದೆ ಮರಳು ಹಾಕಿ ಅದರಲ್ಲಿ ಸಣ್ಣ ಗಡಿಗೆಯಿಟ್ಟು, ಶೀಶೆಯನ್ನು ನೀರು ತಾಕದಂತೆ ಒಣ ಪೊಟ್ಟಣದಲ್ಲಿ ಅದರೊಳಗೆ ಇಟ್ಟು, ಮೇಲೆ ಹಸಿ ಬಟ್ಟೆ ಮುಚ್ಚಿ ನೆರಳಿನಲ್ಲಿಟ್ಟರೆ ಬೇಸಿಗೆಯಲ್ಲೂ ಹೊರಗಿನದಕ್ಕಿಂತ ಬಹಳಷ್ಟು ತಂಪಿರುತ್ತದೆ.

ಇದನ್ನೆಲ್ಲ ಯಾರು ಮಾಡಬೇಕು ಎಂಬಲ್ಲಿ ಗುಳೆಯ ಪ್ರಶ್ನೆ ಎದುರು ನಿಲ್ಲುತ್ತದೆ. ದುಡಿಯುವ ವಯಸ್ಸಿನವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಮೇಲೆ ಅನೇಕ ಮನೆಗಳಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಅಂಥ ಮನೆಗಳ ಪಟ್ಟಿ ಅಂಗನವಾಡಿ ಕಾರ್ಯಕರ್ತೆಯ ತಲೆಯಲ್ಲಿ ಇರುತ್ತದೆ, ಶಾಲೆಯ ಹಾಜರಿಯಲ್ಲೂ ಅರ್ಧ ಇರುತ್ತದೆ, ಪಂಚಾಯಿತಿಯ ವಿಪತ್ತು ಕಡತದಲ್ಲಿ ಇರುವುದಿಲ್ಲ. ಒಬ್ಬಂಟಿ ಹಿರಿಯರು, ಹಾಸಿಗೆ ಹಿಡಿದವರು, ದಿನ ತುಂಬಿದ ಬಸುರಿಯರು, ಅಂಗವಿಕಲರು ಇರುವ ಪ್ರತಿ ಮನೆಗೆ ನೆರೆಯ ಇಬ್ಬರ ಹೆಸರು ಸೇರಿಸಿ, ನೀರು ಬಂದರೆ ಇವರನ್ನು ಎತ್ತಿ ತರುವವರು ಯಾರೆಂದು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಒಪ್ಪಿಸಬೇಕು. ನಮ್ಮ ಜನ ಸಭೆಯಲ್ಲಿ ಒಪ್ಪಿದ ಮಾತಿಗೆ ತಪ್ಪುವವರಲ್ಲ.

ದುಡ್ಡಿನ ಲೆಕ್ಕಕ್ಕೆ ಬರುತ್ತೇನೆ. 2025-26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ನಗರದ ಅಂಗಡಿಗಳಲ್ಲಿ ಸಿಗುವ ಸಾವಿರಾರು ರೂಪಾಯಿಯ ತುರ್ತು ಕಿಟ್ಟು ನಮ್ಮವರಿಗೆ ಹೇಳುವ ಮಾತಲ್ಲ. ನಾನು ಮೇಲೆ ಬರೆದದ್ದರಲ್ಲಿ ಬಹುಪಾಲು ಮನೆಯಲ್ಲೇ ಇದೆ, ಜೋಡಿಸಿಡಬೇಕಷ್ಟೆ. ಕೊಳ್ಳಬೇಕಾದದ್ದು ಸೆಲ್ ಬ್ಯಾಟರಿ, ಒಂದೆರಡು ಕ್ಯಾನು, ಹಗ್ಗ, ತಾಡಪತ್ರಿಯ ತುಂಡು. ಒಂದೇ ಸಲ ಕೊಳ್ಳದೆ ಗೃಹಲಕ್ಷ್ಮಿಯ ಹಣ ಬಂದ ತಿಂಗಳಿಗೊಂದರಂತೆ ಸೇರಿಸಿದರೆ ಯಾವ ಮನೆಗೂ ಭಾರವಾಗದು. ತಾಡಪತ್ರಿ, ದಪ್ಪ ಹಗ್ಗ, ಸ್ಟ್ರೆಚರು ಮುಂತಾದ ದೊಡ್ಡ ಸಾಮಾನುಗಳನ್ನು ಹತ್ತು ಮನೆಗೆ ಒಂದರಂತೆ ಸ್ವಸಹಾಯ ಸಂಘದ ವಶದಲ್ಲಿ ಇಡಬಹುದು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ ಎರಡು ಲಕ್ಷ ರೂಪಾಯಿ ಸಿಗುತ್ತದೆ. ಖಾತೆಯಿದ್ದೂ ಅದಕ್ಕೆ ಸಹಿ ಹಾಕದ ಪಾಲಕರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ, ಬ್ಯಾಂಕಿನವರು ಗ್ರಾಮಸಭೆಗೆ ಬಂದು ಕೂತರೆ ಆ ಕೆಲಸ ಅಲ್ಲೇ ಮುಗಿದೀತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಅಂಥ ಅನುದಾನದ ಅತಿ ಸಣ್ಣ ಪಾಲು ಸಾಕು, ನದಿದಂಡೆಯ ಊರುಗಳ ಗೆರೆ, ಹಲಗೆ, ಸಂಘಗಳ ಸಾಮಾನು ಎಲ್ಲವೂ ಆಗುತ್ತವೆ.

ಮನೆಗಳು ಸ್ವಾವಲಂಬಿಯಾಗಲಿ ಎಂದು ನಾನು ಹೇಳುವುದನ್ನು ಸರ್ಕಾರದ ಹೊಣೆ ಕಡಿಮೆಯಾಯಿತೆಂದು ಯಾರೂ ಓದಬಾರದು. ಒಡೆದ ಪೈಪನ್ನು ಮನೆಯವರು ಬದಲಿಸಲಾರರು, ಗೇಟಿನ ಚೈನನ್ನು ಊರವರು ಪರೀಕ್ಷಿಸಲಾರರು. 2025ರ ಮೇ ತಿಂಗಳಲ್ಲಿ ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಿಗದಿಯಾದಾಗ ರಾಜ್ಯದಲ್ಲಿ ಬೆಂಗಳೂರು, ಕಾರವಾರಗಳ ಜೊತೆ ರಾಯಚೂರಿನ ಹೆಸರೂ ಇತ್ತು. ಯುದ್ಧದ ಸೈರನ್ನಿಗೆ ಅಭ್ಯಾಸ ಮಾಡಿಸಲು ಸಾಧ್ಯವಿರುವ ಜಿಲ್ಲೆಯಲ್ಲಿ, ವರ್ಷಕ್ಕೊಮ್ಮೆ ಹೊಳೆಯ ಡಂಗುರಕ್ಕೂ ಅಭ್ಯಾಸ ಮಾಡಿಸಲು ಸಾಧ್ಯವಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ: ಮೇ ತಿಂಗಳ ಕೊನೆಯೊಳಗೆ ಕೃಷ್ಣಾ ಮತ್ತು ತುಂಗಭದ್ರಾ ದಂಡೆಯ ಎಲ್ಲ ಪಂಚಾಯಿತಿಗಳಲ್ಲಿ ಈ ಒಂದೇ ವಿಷಯಕ್ಕಾಗಿ ವಿಶೇಷ ಗ್ರಾಮಸಭೆ ಕರೆಸಿರಿ, ಅದು ಕೂಲಿಯವರು ಮನೆಗೆ ಬಂದ ಮೇಲಿನ ಸಂಜೆಯ ಹೊತ್ತಿನಲ್ಲಿರಲಿ. ನೀರಿನ ಗೆರೆಗಳನ್ನು ಗುರುತಿಸಲು ಹಿರಿಯರನ್ನು ಮಾತನಾಡಿಸಿ ಬರೆದುಕೊಳ್ಳುವ ಕೆಲಸವನ್ನೂ ಒಬ್ಬಂಟಿ ಮನೆಗಳ ಪಟ್ಟಿಯನ್ನೂ ನಮ್ಮ ಶಾಲೆಯ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ನನ್ನ ಜೊತೆ ನಿಂತು ನಮ್ಮ ಊರಿನ ಮಟ್ಟಿಗೆ ಮಾಡಿಕೊಡಲು ಸಿದ್ಧರಿದ್ದಾರೆ. ತಮ್ಮ ಕಚೇರಿಯಿಂದ ಬೇಕಿರುವುದು ಹರಿವಿನ ದಾಖಲೆ, ಒಬ್ಬ ಎಂಜಿನಿಯರು ಮತ್ತು ತಹಶೀಲ್ದಾರರಿಗೆ ಒಂದು ಆದೇಶ.

ಇಂತಿ ತಮ್ಮ ವಿಶ್ವಾಸಿ,
ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ,
ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ